ಅಪ್‌ಡೇಟ್: ಎಕ್ಸೆಲ್ ಪರೀಕ್ಷೆ ಪಾಸಾಯಿತು, ಆದರೆ ಎರಡನೇ ಸಲಕ್ಕೆ

ತುಮಕೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಾ, ಎಕ್ಸೆಲ್, ವರ್ಡ್‌ನಂಥ ಸಾಫ್ಟ್‌ವೇರ್ ಚೆನ್ನಾಗಿ ಬಳಸಲು ಬರುತ್ತದೆ ಎಂದು ತೋರಿಸುವ ಮೈಕ್ರೋಸಾಫ್ಟ್ ಆಫೀಸ್ ಸ್ಪೆಷಲಿಸ್ಟ್ ಸರ್ಟಿಫಿಕೇಟ್‌ಗೆ ದುಡ್ಡು ಹಾಕಬಹುದಾ ಎಂದು ಹಿಂದೊಮ್ಮೆ ಇಲ್ಲಿ ಕೇಳಿದ್ದೆ, ನೆನಪಿದೆಯಾ? ಹಾಕಿದೆ. ಎಕ್ಸೆಲ್‌ನ ಮೊದಲ ಹಂತವಾದ ಅಸೋಸಿಯೇಟ್ ಪರೀಕ್ಷೆ ಬರೆದೆ.

'ಬರೆದೆ' ಅನ್ನೋದೇ ತಪ್ಪು. ಎ, ಬಿ, ಸಿ, ಡಿ ಪ್ರಶ್ನೆಪತ್ರಿಕೆ ಅಲ್ಲ ಇದು. ಎಕ್ಸೆಲ್ಲೇ ತೆರೆದುಕೊಳ್ಳುತ್ತದೆ. ಒಂದೊಂದು ಫೈಲ್ ಕೊಟ್ಟು, ಇದನ್ನು ಮಾಡು, ಅದನ್ನು ಮಾಡು ಎನ್ನುತ್ತದೆ. 50 ನಿಮಿಷ. 1000ಕ್ಕೆ 700 ಬಂದರೆ ಪಾಸು. ಮೊದಲ ಸಲ ನನಗೆ ಬಂದದ್ದು 664!

ತಪ್ಪು ನನ್ನದೇ. ಪಟ್ಟಿಯಿಂದ ಬೇಕಾದ ಮಾಹಿತಿ ಹುಡುಕಿ ತರುವ ವಿ-ಲುಕಪ್, ದೊಡ್ಡ ಪಟ್ಟಿಯ ಸಾರಾಂಶ ತೋರಿಸುವ ಪಿವಟ್ ಟೇಬಲ್ ಎಂದು ರಾತ್ರಿಯೆಲ್ಲ ಕೂತು ಕಲಿತಿದ್ದೆ. ಅವು ಮುಂದಿನ ಹಂತವಾದ ಎಕ್ಸ್‌ಪರ್ಟ್‌ಗೆ ಸೇರಿದವು. ಇಲ್ಲಿ ಕೇಳಿದ್ದು ನಾನು ಸುಮ್ನೆ ಬಿಟ್ಟಿದ್ದ ಸಣ್ಣಪುಟ್ಟ ಸಂಗತಿಗಳು: ಸೆಲ್‌ಗಳ ಗುಂಪಿಗೆ ಹೆಸರಿಡುವುದು, ಸ್ಪಾರ್ಕ್‌ಲೈನ್ (ಒಂದೇ ಸೆಲ್ ಒಳಗಿನ ಪುಟ್ಟ ಚಾರ್ಟ್) ಹಾಕುವುದು, ಪ್ರಿಂಟ್ ಏರಿಯಾ ಗುರುತಿಸುವುದು. ಆಫೀಸಿನಲ್ಲಿ ಆರು ವರ್ಷದಿಂದ ಎಕ್ಸೆಲ್ ಬಳಸುತ್ತಿದ್ದೇನೆ, ಹೆಸರಿಡುವುದು ಮಾತ್ರ ಗೊತ್ತಿರಲಿಲ್ಲ ನೋಡಿ.

ಸಿಲಬಸ್ ಪಟ್ಟಿ ಎದುರಿಗಿಟ್ಟುಕೊಂಡು ಎರಡು ವಾರ ಅಭ್ಯಾಸ ಮಾಡಿದೆ. ಎರಡನೇ ಸಲ 842.

ಬಡ್ತಿ ಸಿಕ್ಕಿತಾ? ಇಲ್ಲ. ಸರ್ಟಿಫಿಕೇಟ್ ತೋರಿಸಿದಾಗ ಮ್ಯಾನೇಜರ್ "ಒಳ್ಳೇದಮ್ಮ" ಅಂದರು, ಅಷ್ಟೇ. ಆದರೆ ಹೋದ ತಿಂಗಳಿಂದ ಎಂಐಎಸ್ ರಿಪೋರ್ಟ್, ಅಂದರೆ ಮ್ಯಾನೇಜ್‌ಮೆಂಟ್‌ಗೆ ಪ್ರತಿ ತಿಂಗಳು ಕೊಡುವ ಅಂಕಿಅಂಶಗಳ ವರದಿ, ಮಾಡುವ ಕೆಲಸ ನನ್ನ ಕೈಗೆ ಬಂದಿದೆ. ಸಂಬಳದ ಮಾತು ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಎಕ್ಸ್‌ಪರ್ಟ್ ಕೂಡ ಮುಗಿಸುವ ಯೋಚನೆ ಇದೆ. ಕಲಿತ ಪಿವಟ್ ಟೇಬಲ್ ವ್ಯರ್ಥ ಆಗಬಾರದಲ್ವಾ?