ಅಪ್‌ಡೇಟ್: ತೀರ್ಥಹಳ್ಳಿಯ ಫ್ರಿಜ್ ಮತ್ತು ವಾರಂಟಿ

ಫ್ರಿಜ್ 14ನೇ ತಿಂಗಳಿಗೇ ತಂಪು ಬಿಟ್ಟಿದೆ, ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿಲ್ಲ, ಮುಂದೇನು ಅಂತ ಕೇಳಿದ್ದೆ. ವಾರಂಟಿ ಕಾರ್ಡ್ ತಿರುಗಿಸಿ ನೋಡಿದರೆ ಕಂಪ್ರೆಸರ್‌ಗೆ ಬೇರೆಯೇ 10 ವರ್ಷ ಇತ್ತು! ಆದರೆ ಬಿಡಿಭಾಗಕ್ಕೆ ಮಾತ್ರ. ಗ್ಯಾಸ್, ಕೂಲಿ ನಮ್ಮದು. ರಿಪೇರಿಯವರು ಬರೆದುಕೊಡುವ ಜಾಬ್ ಶೀಟಿನಲ್ಲಿ 'ವೋಲ್ಟೇಜ್ ಏರುಪೇರು' ಅಂತ ಬಿದ್ದರೆ ಯಾವ ವಾರಂಟಿಯೂ ಸಾಮಾನ್ಯವಾಗಿ ಉಳಿಯಲ್ಲ, ನಮ್ಮ ಮಳೆಗಾಲದ ಕರೆಂಟಿಗೆ ಅದು ಸುಲಭದ ನೆಪ. ಹಾಗಾಗಿ ಯಾವ ಭಾಗ, ಏಕೆ ಕೆಟ್ಟಿತು ಅಂತ ಬರೆಸಿಕೊಂಡೇ ಸಹಿ ಹಾಕಿದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಕಂಪ್ರೆಸರ್ ಬಂತು, ಕೂಲಿಯನ್ನೂ ಬಿಟ್ಟರು.

ಕಂಪನಿ ಒಪ್ಪದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಕಾರಣ ಹುಟ್ಟಿದಲ್ಲಿಂದ 2 ವರ್ಷ ಸಮಯ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಂಗಡಿ ಬೆಂಗಳೂರಿನದಾದರೂ ನಾವಿರುವ ಜಿಲ್ಲೆಯಲ್ಲೇ ಹಾಕಬಹುದು.