ಅಪ್‌ಡೇಟ್: ಐರಿಶ್ ಇಂಗ್ಲಿಷಿನ ಆ ‘ಆಫ್ಟರ್’

ಐರ್ಲೆಂಡಿನ ಕಾರ್ಕ್ ನಗರದ ಸಹೋದ್ಯೋಗಿ ‘ಐ ಆಮ್ ಆಫ್ಟರ್ ಸೆಂಡಿಂಗ್ ದ ಫೈಲ್’ ಅಂತ ಬರೆದಿದ್ದಾರೆ, ಕಳಿಸಿದ್ದಾರಾ ಇಲ್ಲ ಕಳಿಸಬೇಕು ಅಂತಿದ್ದಾರಾ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ತು. ಕಳಿಸಿ ಆಗಿದೆ, ಅದೂ ಈಗ ತಾನೇ.

ಇದರ ಬೇರು ಐರಿಶ್ ಭಾಷೆಯಲ್ಲಿದೆ. ಅಲ್ಲಿ ಇಂಗ್ಲಿಷಿನ ‘ಐ ಹ್ಯಾವ್ ಈಟನ್’ನಲ್ಲಿರೋ ‘ಹ್ಯಾವ್’ಗೆ ಸಮನಾದ ಕ್ರಿಯಾಪದವೇ ಇಲ್ಲ. ಹಾಗಾಗಿ ‘ಈಗಷ್ಟೇ ಊಟ ಮಾಡಿದೆ’ ಅನ್ನೋಕೆ ‘ಟರ್ ಏಶ್’, ಅಂದ್ರೆ ‘ಆದಮೇಲೆ’, ಅನ್ನೋದನ್ನ ಸೇರಿಸಿ ‘ಊಟ ಮಾಡಿದ ನಂತರ ಇದ್ದೇನೆ’ ಅನ್ನೋ ಥರ ಹೇಳ್ತಾರೆ. ಜನ ಇಂಗ್ಲಿಷಿಗೆ ಹೊರಳಿದಾಗ ಈ ರಚನೆಯೂ ಜೊತೆಗೇ ಬಂತು.

ನನಗೆ ಮಜಾ ಅನ್ನಿಸಿದ್ದು ಸ್ಕಾಟಿಷ್ ಗೇಲಿಕ್, ಅಂದ್ರೆ ಐರಿಶ್‌ಗೆ ಹತ್ತಿರದ ಸ್ಕಾಟ್ಲೆಂಡಿನ ಭಾಷೆ. ಅಲ್ಲಿ ಇದೇ ಕೆಲಸ ಮಾಡೋ ಪದದ ಉಚ್ಚಾರ ಹೆಚ್ಚುಕಡಿಮೆ ‘ಎರ್’. ನೋಡಿದ್ರೆ ‘ಮೇಲೆ’ ಅನ್ನೋ ಪದದಂತೆಯೇ ಇದೆ, ಆದ್ರೆ ಮೂಲದಲ್ಲಿ ‘ನಂತರ’ ಅನ್ನೋ ಅರ್ಥದ ಬೇರೆ ಪದ. ಕಾಲಕ್ರಮೇಣ ಎರಡೂ ಒಂದಾಗಿಹೋದವು. (ನಮ್ಮ ‘ಮೇಲೆ’ಯೂ ‘ಮೇಜಿನ ಮೇಲೆ’, ‘ಬಂದ ಮೇಲೆ’ ಎರಡಕ್ಕೂ ಆಗುತ್ತೆ. ಆದ್ರೆ ಅದು ಒಂದೇ ಪದ.) ಅಲ್ಲಿ ಅದು ‘ಮಾಡಿದ್ದೇನೆ’ ಅನ್ನೋ ಮಾಮೂಲಿ ರೂಪ, ‘ಈಗ ತಾನೇ’ ಅನ್ನೋಕೆ ಇನ್ನೊಂದು ಪದ ಸೇರಿಸಬಹುದು.

ಐರಿಶ್ ವಲಸಿಗರಿಂದ ಇಂಗ್ಲಿಷಿನ ಈ ‘ಆಫ್ಟರ್’ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೂ ಹೋಗಿದೆ.

ಒಂದು ಎಚ್ಚರಿಕೆ: ‘ಶೀ ಈಸ್ ಆಫ್ಟರ್ ಎ ಜಾಬ್’ ಅಂದ್ರೆ ಐರ್ಲೆಂಡಿನಲ್ಲೂ ಕೆಲಸ ಹುಡುಕ್ತಿದ್ದಾಳೆ ಅಂತಲೇ. ‘ಆಫ್ಟರ್’ ಮುಂದೆ ‘ಸೆಂಡಿಂಗ್’ ಥರ ‘ಇಂಗ್’ ಇರೋ ಕ್ರಿಯಾಪದ ಇದೆಯಾ ನೋಡ್ಕೊಳ್ಳಿ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬರೆಯೋರು ಮಾತ್ರ ಇದನ್ನ ಉತ್ತರಪತ್ರಿಕೆಗೆ ತರಬೇಡಿ.