ಪದಚರ್ಚೆ: ‘ಅನ್‌ಡಾಕ್ಯುಮೆಂಟೆಡ್ ಇಂಟರ್‌ಫೇಸ್’ಗೆ ಕನ್ನಡದಲ್ಲಿ ಏನು? (ತುರ್ತು)

ಬಳಗದವರಿಗೆ ನಮಸ್ಕಾರ.

ಪ್ರೋಗ್ರಾಮಿಂಗ್ ಕಲಿಯುವವರ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಒಂದು ಅಧ್ಯಾಯದ ತಲೆಬರಹದಲ್ಲೇ ‘ಅನ್‌ಡಾಕ್ಯುಮೆಂಟೆಡ್ ಇಂಟರ್‌ಫೇಸ್’ ಎಂದಿದೆ. ಕಾರ್ಯಾಚರಣೆ ವ್ಯವಸ್ಥೆಯೊಳಗೆ ಇರುವ, ಕರೆದರೆ ಓಗೊಡುವ, ಆದರೆ ತಯಾರಿಸಿದವರು ಎಲ್ಲಿಯೂ ವಿವರಿಸದ ಫಂಕ್ಷನ್‌ಗಳು ಎಂದರ್ಥ. ಅವುಗಳನ್ನು ನೆಚ್ಚಿಕೊಂಡರೆ ಏನು ಅಪಾಯ ಎಂಬುದೇ ಅಧ್ಯಾಯದ ವಿಷಯ. ಸದ್ಯಕ್ಕೆ ‘ದಾಖಲೆರಹಿತ ಅಂತರ್ಮುಖ’ ಎಂದು ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ. ಪುಟಗಳು ನಾಳೆ ಅಚ್ಚಿಗೆ ಹೋಗುತ್ತವೆ.

*

‘ದಾಖಲೆ’ ಕನ್ನಡವೇ ಅಲ್ಲ. ಅರಬ್ಬಿಯಲ್ಲಿ ‘ಒಳಹೋಗು’ ಎಂಬ ಅರ್ಥದ ಧಾತು ಅದರ ಮೂಲ. ಹಿಂದೂಸ್ತಾನಿಯ ಹಾದಿಯಲ್ಲಿ ನಮ್ಮ ಕಡತಗಳಿಗೆ ಬಂದು ಕೂತಿದೆ. ಅದಕ್ಕೆ ಸಂಸ್ಕೃತದ ‘ರಹಿತ’ ಅಂಟಿಸಿದ್ದೀರಿ. ಇದು ಅರಿಸಮಾಸ. ‘ನಡೆಸೇರ್ಪಾಟಿನ ಅರುಹದ ಕದ’ ಎನ್ನಿ. ಅಚ್ಚಗನ್ನಡ, ಅರ್ಥವೂ ಸ್ಪಷ್ಟ.

*

‘ಅಲಿಖಿತ ಸಂಪರ್ಕಸಾಧನ’. ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ?

*

ಚರ್ಚಿಸುವುದಕ್ಕೆ ಬಹಳ ಇದೆ.

‘ಅಲಿಖಿತ’ ಖಂಡಿತ ಬೇಡ. ‘ಅಲಿಖಿತ ನಿಯಮ’ ಎಂದಾಗ, ಬರೆದಿಲ್ಲದಿದ್ದರೂ ಯಾರೂ ಮುರಿಯುವುದಿಲ್ಲ ಎಂಬ ನಂಬಿಕೆ ಆ ಮಾತಿನಲ್ಲೇ ಇದೆ. ಇಲ್ಲಿ ನಂಬಬಾರದು ಎಂದು ಹೇಳಬೇಕಾಗಿದೆ. ‘ಅಂತರ್ಮುಖ’ ಎಂದರೆ ನಾಚಿಕೆ ಸ್ವಭಾವದವರು ನೆನಪಾಗುತ್ತಾರೆ. ಇನ್ನು ‘ಅರುಹದ ಕದ’ವನ್ನು ಓದಿದವರು ಮರಗೆಲಸದ ಪುಸ್ತಕ ಎಂದುಕೊಂಡಾರು. (ಅರಿಸಮಾಸ ಕನ್ನಡ-ಸಂಸ್ಕೃತ ಬೆಸುಗೆಗೆ ಹೇಳಿದ ಮಾತು, ಅರಬ್ಬಿ-ಸಂಸ್ಕೃತ ಬೆಸುಗೆಗಲ್ಲ. ಬಯ್ಯುವುದಾದರೆ ಸರಿಯಾದ ಸೂತ್ರ ಹಿಡಿದು ಬಯ್ಯಿರಿ.)

ಕೇಳಿದವರಿಗೆ ನನ್ನ ಮಾತು: ಬರೆದಿದ್ದಾರೋ ಇಲ್ಲವೋ ಎಂಬುದರ ಸುತ್ತ ಪದ ಕಟ್ಟಬೇಡಿ. ಮೈಕ್ರೋಸಾಫ್ಟಿನ ಹಳೆಯ ಕಾರ್ಯಾಚರಣೆ ವ್ಯವಸ್ಥೆಯಾದ ಎಂಎಸ್-ಡಾಸ್ ಕಾಲದಲ್ಲಿ ಹಿನ್ನೆಲೆಯಲ್ಲಿ ಕೂತಿರುವ ಪ್ರೋಗ್ರಾಮುಗಳಿಗೆ, ಡಾಸ್ ಈ ಕ್ಷಣ ಕೆಲಸದಲ್ಲಿದೆಯೇ ಎಂದು ತಿಳಿಯಬೇಕಾಗಿತ್ತು. ಕೆಲಸದ ನಡುವೆ ಅದನ್ನು ಮತ್ತೆ ಕರೆದರೆ ಎಲ್ಲ ಕೆಡುತ್ತಿತ್ತು. ಅದನ್ನು ತಿಳಿಸುವ ‘ಇನ್‌ಡಾಸ್’ ಎಂಬ ಗುರುತು ಒಳಗೇ ಇತ್ತು. ಮೈಕ್ರೋಸಾಫ್ಟ್ ಮೊದಲಿಗೆ ಅದನ್ನು ವಿವರಿಸಿರಲಿಲ್ಲ. ಹೊರಗಿನವರು ಕೆದಕಿ ತೆಗೆದು ಪುಸ್ತಕಗಳಲ್ಲಿ ಅಚ್ಚು ಹಾಕಿಸಿದರು. ಅಂದರೆ ಅದು ದಾಖಲಾಗಿತ್ತು, ದಾಖಲಿಸಿದವರು ಬೇರೆ. ವಿಂಡೋಸ್ ಎನ್‌ಟಿ ವಂಶದ ಸಿಸ್ಟಮ್ ಕಾಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಪ್ರೋಗ್ರಾಮು ಕೊಡುವ ಕರೆ) ಸಂಖ್ಯೆಗಳ ಪಟ್ಟಿಗಳೂ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಆ ಸಂಖ್ಯೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಪಟ್ಟಿ ನೋಡಿ ಸಂಖ್ಯೆಯನ್ನು ಪ್ರೋಗ್ರಾಮಿನೊಳಗೆ ಬರೆದವರು ಮುಂದಿನ ಆವೃತ್ತಿಯಲ್ಲಿ ಕೇಳುವುದು ಒಂದು, ಸಿಗುವುದು ಇನ್ನೊಂದು.

‘ಗುಪ್ತ’ ಎನ್ನೋಣವೆಂದರೆ ಅದೂ ನಿಲ್ಲುವುದಿಲ್ಲ. ಲಿನಕ್ಸ್ ಕರ್ನೆಲ್‌ನ ಒಳಗಿನ ಇಂಟರ್‌ಫೇಸ್‌ಗಳನ್ನು ಯಾರು ಬೇಕಾದರೂ ಓದಬಹುದು, ಗುಟ್ಟು ಏನೂ ಇಲ್ಲ. ಆದರೂ ಅವು ಹೀಗೇ ಉಳಿಯುತ್ತವೆ ಎಂದು ಯಾರೂ ಮಾತು ಕೊಟ್ಟಿಲ್ಲ. ಕರ್ನೆಲ್‌ಗೆ ಸೇರಿಸುವ ತುಣುಕುಗಳನ್ನು (ಮಾಡ್ಯೂಲ್) ಹೊರಗಿನಿಂದ ಬರೆಯುವವರು ಹೊಸ ಆವೃತ್ತಿ ಬಂದಾಗಲೆಲ್ಲ ತಿದ್ದುತ್ತ ಕೂರುತ್ತಾರೆ. ಅದೇ ಲಿನಕ್ಸ್‌ನ ಸಿಸ್ಟಮ್ ಕಾಲ್‌ಗಳ ಮಾತು ಬೇರೆ. ಪ್ರೋಗ್ರಾಮುಗಳು ಮುರಿಯುವಂತೆ ಅವುಗಳನ್ನು ಬದಲಾಯಿಸುವುದಿಲ್ಲ ಎಂಬ ಕಟ್ಟುಪಾಡು ಅಲ್ಲಿದೆ. ಅಲ್ಲಿ ಕರ್ನೆಲ್ ಅನ್ನು ನೇರವಾಗಿ ಕರೆಯುವುದು ಸಲ್ಲುತ್ತದೆ. ಮ್ಯಾಕ್‌ಒಎಸ್‌ನಲ್ಲಿ ಸಲ್ಲುವುದಿಲ್ಲ: ಆಪಲ್ ಭರವಸೆ ಕೊಡುವುದು ‘ಲಿಬ್‌ಸಿಸ್ಟಮ್’ ಎಂಬ ಲೈಬ್ರರಿಗೆ ಮಾತ್ರ. ಗೋ ಭಾಷೆಯವರು ಲೈಬ್ರರಿಯನ್ನು ಬದಿಗಿಟ್ಟು, ಹೊತ್ತೆಷ್ಟು ಎಂದು ಕರ್ನೆಲ್ ಅನ್ನೇ ಕೇಳುತ್ತಿದ್ದರು. 2016ರ ಸಿಯೆರಾ ಆವೃತ್ತಿಯಲ್ಲಿ ಆಪಲ್ ಆ ಕರೆ ಉತ್ತರಿಸುವ ರೀತಿಯನ್ನು ಬದಲಾಯಿಸಿತು. ಅಲ್ಲಿಯವರೆಗೆ ಸರಿಯಾಗಿದ್ದ ಗೋ ಪ್ರೋಗ್ರಾಮುಗಳು ಕುಸಿದವು, ಹೊಸದಾಗಿ ಕಂಪೈಲ್ ಮಾಡಬೇಕಾಯಿತು. 2018ರ ಗೋ 1.11ರಿಂದ ಅವರೂ ಲಿಬ್‌ಸಿಸ್ಟಮ್ ದಾರಿ ಹಿಡಿದರು. ಆಪಲ್‌ನ ತಪ್ಪು ಇದರಲ್ಲಿ ಏನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕೊಡದ ಮಾತನ್ನು ಮುರಿಯಲು ಬರುವುದಿಲ್ಲ.

ಪೆಟ್ಟು ತಿನ್ನುವವರು ಮಾತ್ರ ಬಳಕೆದಾರರು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆ ವಿಂಡೋಸ್ ತಿದ್ದುಪಡಿ ಬಂದಾಗ, ಕೆಲವು ಆ್ಯಂಟಿವೈರಸ್‌ಗಳು ಕರ್ನೆಲ್‌ನ ಮೆಮೊರಿಗೆ ಅನುಮತಿಯಿಲ್ಲದ ರೀತಿಯಲ್ಲಿ ಕೈ ಹಾಕುತ್ತಿದ್ದುದರಿಂದ ಯಂತ್ರಗಳು ನೀಲಿ ಪರದೆ ತೋರಿಸಿ ನಿಲ್ಲುವಂತಾಯಿತು. ತಮ್ಮ ತಂತ್ರಾಂಶ ಹೊಂದುತ್ತದೆ ಎಂದು ಆ್ಯಂಟಿವೈರಸ್ ತಯಾರಕರು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಗುರುತು ಹಾಕುವವರೆಗೆ ಮೈಕ್ರೋಸಾಫ್ಟ್ ಆ ಯಂತ್ರಗಳಿಗೆ ತಿದ್ದುಪಡಿಯನ್ನೇ ಕೊಡಲಿಲ್ಲ. ಭದ್ರತೆಗೆಂದು ಹಾಕಿಸಿಕೊಂಡದ್ದೇ ಭದ್ರತೆಗೆ ಅಡ್ಡ ನಿಂತಿತು.

ಆದ್ದರಿಂದ ನನ್ನ ಸಲಹೆ: ತಲೆಬರಹದಲ್ಲಿ ‘ತಯಾರಕರು ಹೊಣೆ ಹೊರದ ಇಂಟರ್‌ಫೇಸ್’, ಮುಂದೆ ‘ಹೊಣೆಹೊರದ ಇಂಟರ್‌ಫೇಸ್’. ‘ಹೊಣೆಯಿಲ್ಲದ’ ಎಂದು ಕುಗ್ಗಿಸಬೇಡಿ, ಹೊಣೆಗೇಡಿ ಎಂಬ ಅರ್ಥ ಬರುತ್ತದೆ.

*

‘ಹೊಣೆ’ ಒಪ್ಪಿದೆ. ‘ಇಂಟರ್‌ಫೇಸ್’ ಹಾಗೇ ಉಳಿಸಿಕೊಂಡದ್ದು ಸೋಮಾರಿತನ. ‘ತಯಾರಕ’ವೂ ಅರಬ್ಬಿ ಕಡೆಯದೇ, ‘ಮಾಡುಗರು’ ಎನ್ನಲು ಏನು ಕಷ್ಟ? ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟರೆ ಕೊನೆಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

ವಿಭಕ್ತಿ ಪ್ರತ್ಯಯ ಉಳಿದರೆ ಕನ್ನಡ ಉಳಿಯಿತು ಎಂದೇ ನನ್ನ ಎಣಿಕೆ. ‘ಕಾಗದ’ ಪಾರಸಿಯದು, ಅದಕ್ಕಾಗಿ ಯಾರೂ ತಾಳೆಗರಿಗೆ ಮರಳಲಿಲ್ಲ. ಈ ಪುಸ್ತಕ ಓದುವವರು ನಾಳೆ ಕಂಪ್ಯೂಟರಿನ ಮುಂದೆ ಕೂತಾಗ ಎದುರಾಗುವ ಪದ ‘ಇಂಟರ್‌ಫೇಸ್’, ‘ಕದ’ ಅಲ್ಲ. ನಾಮಪದ ಎರವಲಾಗಿರಲಿ, ಎಚ್ಚರಿಕೆ ಹೇಳುವ ವಿಶೇಷಣ ಕನ್ನಡದ್ದಾಗಿರಲಿ. ಇದಕ್ಕಿಂತ ಹೆಚ್ಚಿನ ಜಗಳಕ್ಕೆ ನನಗೆ ಬಿಡುವಿಲ್ಲ.

*

ತಲೆಬರಹಕ್ಕೆ ‘ತಯಾರಕರು ಹೊಣೆ ಹೊರದ ಇಂಟರ್‌ಫೇಸ್’ ಹಾಕಿದ್ದೇನೆ. ಮುಂದಿನ ಪುಟದಲ್ಲೇ ‘ಡೆಪ್ರಿಕೇಟೆಡ್’ ಇದೆ. ಅದು ಬೇರೆಯದೇ ಸಂಗತಿ: ಹೊತ್ತಿದ್ದ ಹೊಣೆಯನ್ನು ಮುಂದೆ ಇಳಿಸಲಿದ್ದೇವೆ, ಈಗಲೇ ಬಿಡಿ ಎಂದು ಮೊದಲೇ ಸಾರುವುದು. ‘ರದ್ದಾದ’ ಎಂದರೆ ತಪ್ಪಾಗುತ್ತದೆ, ಇನ್ನೂ ಕೆಲಸ ಮಾಡುತ್ತಿರುತ್ತದಲ್ಲ. ಸಂಜೆಯೊಳಗೆ ಯಾರಾದರೂ ಸೂಚಿಸುವಿರಾ? ವ್ಯುತ್ಪತ್ತಿ ಬೇಡ, ಪದ ಸಾಕು.